ಬಾಕಿ ಗಾಳಿ

ಕಡಲು ಮುಂದೆ, ಗುಡ್ಡ ಹಿಂದೆ, ನಡುವೆ ಒಂದು ಊರು. ಊರಿಗೆ ಹೆಸರಿಲ್ಲವೆಂದಲ್ಲ. ಹೆಸರು ಹೇಳಿದರೆ ಪಕ್ಕದ ಊರಿನವರು 'ಸದ್ಯ, ನಮ್ಮೂರಲ್ಲ' ಎಂದುಕೊಂಡು ಮಗ್ಗುಲು ಬದಲಿಸಿ ಮಲಗಿಬಿಡುತ್ತಾರೆ. ಅದಕ್ಕೇ ಹೇಳುವುದಿಲ್ಲ.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಗಾಳಿ ಎಷ್ಟು ಬರುತ್ತದೆಂದು ಮೊದಲೇ ಹೇಳಿರುತ್ತಾರೋ ಅಷ್ಟು ಬರಲೇಬೇಕು. ಹೆಚ್ಚು ಬಂದರೆ ಅದು ಕಡಲಿನ ಇಷ್ಟ. ಕಡಿಮೆ ಬಂದರೆ ಉಳಿದದ್ದನ್ನು ಊರೇ ತುಂಬಿಕೊಡಬೇಕು. ಗಾಳಿ ಕೆಡವದೆ ಬಿಟ್ಟ ಮರವನ್ನು ಊರು ಕೆಡವಬೇಕು, ಗಾಳಿ ಹಾರಿಸದೆ ಬಿಟ್ಟ ಸೂರನ್ನು ಊರು ಕಿತ್ತು ಹಾಕಬೇಕು. ಇದಕ್ಕೆ ಬಾಕಿ ಗಾಳಿ ಎಂದು ಹೆಸರು. ಬಾಕಿ ಗಾಳಿ ಬೀಸುವ ದಿನ ಊರಿನವರೆಲ್ಲ ಒದ್ದೆ ಗೋಣಿಯನ್ನು ತಲೆಯಿಂದ ಮೊಣಕಾಲಿನವರೆಗೆ ಹೊದ್ದುಕೊಳ್ಳುತ್ತಿದ್ದರು. ಗೋಣಿ ಹೊದ್ದ ಮೇಲೆ ಯಾರಿಗೂ ಮುಖವಿಲ್ಲ, ಯಾರಿಗೂ ನೆಂಟರಿಲ್ಲ. ಹಗ್ಗ ಎಳೆಯುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಕೈಯಲ್ಲ, ಗಾಳಿ. ಕೈಯಲ್ಲ, ಗಾಳಿ. ತನ್ನ ಮನೆಯ ಹಗ್ಗವನ್ನು ತಾನು ಹಿಡಿಯುವಂತಿರಲಿಲ್ಲ. ಪಕ್ಕದ ಮನೆಯದನ್ನು ಹಿಡಿಯಬೇಕಿತ್ತು.

ಗಾಳಿ ಎಷ್ಟೆಂದು ಹೇಳುವವನು ನುಡಿಗಾರ. ಮರಳದಿಬ್ಬದ ಮೇಲಿನ ಕಿವಿಮನೆಯಲ್ಲಿ ಅವನ ವಾಸ. ಅದಕ್ಕೆ ಕಿಟಕಿಯಿಲ್ಲ, ಕಡಲ ಕಡೆಯ ಗೋಡೆಯಲ್ಲಿ ಕಿವಿಯಷ್ಟೇ ದೊಡ್ಡದಾದ ಒಂದು ತೂತು. ಅವನ ಅಪ್ಪನೂ ಆ ತೂತಿಗೆ ಕಿವಿಯಿಟ್ಟು ಕೂತವನು, ಅಜ್ಜನೂ ಕೂತವನು. ಕಡಲು ಹೇಳಿದ್ದನ್ನು ನುಡಿಗಾರ ಕೇಳುತ್ತಾನೆ, ನುಡಿಗಾರ ಹೇಳಿದ್ದನ್ನು ಡೋಲಿನವನು ಕೇಳುತ್ತಾನೆ, ಡೋಲು ಹೇಳಿದ್ದನ್ನು ಊರು ಕೇಳುತ್ತದೆ. ಕಿವಿಮನೆ ಮಾತ್ರ ಕಲ್ಲಿನದು. ಅದು ಬೀಳುತ್ತದೆಂದು ಕಡಲು ಯಾವತ್ತೂ ಹೇಳಿರಲಿಲ್ಲ.

ಕೆಳಕೇರಿಯ ಕಟ್ಟಕಡೆಯ ಮನೆ, ಕಡಲಿಗೆ ಎಲ್ಲಕ್ಕಿಂತ ಹತ್ತಿರದ ಮನೆ, ಹಗ್ಗದವಳದು. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ, ಕೊಡತಿಯಿಂದ ಬಡಿದು, ನಾರು ಬಿಡಿಸಿ, ಅಂಗೈ ಕೆಂಪಾಗುವವರೆಗೆ ಹೊಸೆದು ಅವಳು ಹಗ್ಗ ಮಾಡುತ್ತಿದ್ದಳು. ಊರಿನ ದೋಣಿ ಕಟ್ಟಿದ್ದು ಅವಳ ಹಗ್ಗ, ತೊಟ್ಟಿಲು ತೂಗಿದ್ದು ಅವಳ ಹಗ್ಗ, ಬಾವಿಗೆ ಇಳಿದದ್ದು ಅವಳ ಹಗ್ಗ. ಬಾಕಿ ಗಾಳಿಯಲ್ಲಿ ಸೂರು ಎಳೆದದ್ದೂ ಅವಳ ಹಗ್ಗವೇ. ಅವಳ ಗಂಡ ಕಡಲಿಗೆ ಹೋದವನು ಬಂದಿರಲಿಲ್ಲ. ಅವನನ್ನು ಕೊಂಡುಹೋದದ್ದು ನಿಜವಾದ ಗಾಳಿ, ಯಾರೂ ಹೇಳದೆ ಬಂದದ್ದು. ಅದರ ನೆನಪಾದರೆ ಅವಳಿಗೆ ಅಳು ಬರುತ್ತಿತ್ತು, ಸಿಟ್ಟು ಬರುತ್ತಿರಲಿಲ್ಲ.

ಸಿಟ್ಟು ಬಂದದ್ದು ಈ ಸಲ.

ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆರಿಗೆ ಕಷ್ಟವಾಯಿತು. ಹೆಣ್ಣು ಕೂಸು ಹುಟ್ಟಿತು, ಮಗಳು ಉಳಿದದ್ದೇ ದೊಡ್ಡದು ಎನ್ನುವಂತಾಯಿತು. ಸೂಲಗಿತ್ತಿ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ನೋಡು, ರಕ್ತ ತುಂಬ ಹೋಗಿದೆ. ಮೈಗೆ ಗಾಳಿ ಸೋಕಬಾರದು. ಒಂದು ಸಲ ಚಳಿ ಹಿಡಿಯಿತೋ, ಆಮೇಲೆ ನನ್ನನ್ನು ಕರೆದು ಪ್ರಯೋಜನ ಇಲ್ಲ." ಹಗ್ಗದವಳು ತೆಂಕು ಬದಿಯ ಕೋಣೆಯ ಸಂದುಗೊಂದುಗಳಿಗೆಲ್ಲ ನಾರು ತುರುಕಿದಳು. ಮಗಳ ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಬಿಗಿದಳು. ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟಳು. ಇನ್ನು ಗಾಳಿ ಬರುವ ದಾರಿಯಿಲ್ಲ ಎಂದುಕೊಂಡು ಕೈ ಒರೆಸಿಕೊಳ್ಳುವ ಹೊತ್ತಿಗೆ ಡೋಲು ಬಡಿಯಿತು.

ಡೋಲಿನವನು ಕೇರಿಯ ಮೇಲುತುದಿಯಿಂದ ಕೆಳತುದಿಯವರೆಗೆ ಬಡಿಯುತ್ತ ಬಂದ. ಪ್ರತಿ ಬಾಗಿಲಿಗೂ ನಿಂತು ಹೇಳಿದ್ದನ್ನೇ ಹೇಳಿದ.

"ದೊಡ್ಡ ಗಾಳಿ ಬರುತ್ತದೆ. ಕೆಳಕೇರಿಯಲ್ಲಿ ಒಂದು ಸೂರೂ ಉಳಿಯುವುದಿಲ್ಲ. ಕಟ್ಟಿದ್ದು ಕಳಚುತ್ತದೆ, ನಿಂತದ್ದು ಮಲಗುತ್ತದೆ. ಗುಡ್ಡ ಹತ್ತಿ."

ಹಗ್ಗದವಳು ಒಮ್ಮೆ ಮಗಳ ಮಂಚದ ಕಡೆ ನೋಡಿದಳು. ಆದರೂ ಅವಳು ಎಲ್ಲರಂತೆ ಮಾಡಬೇಕಾದದ್ದನ್ನು ಮಾಡಿದಳು. ಕಟ್ಟಳೆಯ ಪ್ರಕಾರ, ಬೀಳುತ್ತದೆಂದು ಹೇಳಿದ ಮನೆಯನ್ನೂ ಬೀಳದಂತೆ ಕಟ್ಟಿಯೇ ಹೋಗಬೇಕು. ಗರಿ ಹೊದೆಸಿದ ಮಾಡಿನ ಮೇಲೆ ಹಗ್ಗ ಹಾಯಿಸಿ, ಎರಡು ಬದಿಗೂ ಕಲ್ಲು ಕಟ್ಟಿ, ಗಂಟು ಬಿಗಿದು, ಗಂಟಿಗೆ ನೀರು ಚಿಮುಕಿಸಿದಳು. ಕೇರಿಯ ಉದ್ದಕ್ಕೂ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಹಗ್ಗ ಹಾಯಿಸಿದರು, ಕಲ್ಲು ಕಟ್ಟಿದರು, ಗಂಟು ಬಿಗಿದರು, ನೀರು ಚಿಮುಕಿಸಿದರು.

ಪಕ್ಕದ ಮನೆಯ ದೋಣಿಯವ ಓಡಿಬಂದ. ಇವಳನ್ನು ಅಕ್ಕ ಎಂದು ಕರೆಯುತ್ತಿದ್ದವನು, ಒಡಹುಟ್ಟಿದ ತಮ್ಮನಿಗಿಂತ ಒಂದು ಕೈ ಮೇಲೆ.

"ಅಕ್ಕ, ನಡೆಸುವುದು ಬೇಡ. ಮಂಚದ ಸಮೇತ ಎತ್ತುವ."

"ಗಾಳಿ ಸೋಕಬಾರದು ಮಾರಾಯ."

"ಸೋಕುವುದಿಲ್ಲ. ನನ್ನ ಹಾಯಿ ಉಂಟಲ್ಲ." ಅವನು ತನ್ನ ದೋಣಿಯ ಹಾಯಿಯನ್ನೇ ಬಿಚ್ಚಿ ತಂದು ಮಂಚದ ಸುತ್ತ ಸುತ್ತಿದ. ಒಳಗೆ ಮಗಳು, ಮಗಳ ಎದೆಗೆ ಕೂಸು. ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಹಗ್ಗದವಳು. ದಾರಿಯುದ್ದಕ್ಕೂ ಅವನು ಕಾಲು ನೋಡಿಕೊಂಡೇ ಇಟ್ಟ. ಮಂಚ ಒಂದು ಸಲವೂ ಅಲುಗಲಿಲ್ಲ.

ಗುಡ್ಡದ ಮೇಲೆ ಕಲ್ಲಿನ ಚಾವಡಿ. ಊರೆಲ್ಲ ಅಲ್ಲಿ ಕಡಲಿಗೆ ಬೆನ್ನು ಹಾಕಿ ಕೂತಿತು. ಗಾಳಿ ಬರುವುದನ್ನು ನೋಡಬಾರದು ಎನ್ನುವುದೂ ಕಟ್ಟಳೆಯೇ. ನೋಡಿದರೆ ಎಷ್ಟು ಬಂತೆಂದು ಗೊತ್ತಾಗಿಬಿಡುತ್ತದಲ್ಲ. ಮಧ್ಯಾಹ್ನ ಬಾನು ಕಪ್ಪಾಯಿತು. ತೆಂಗಿನ ಗರಿಗಳು ಸ್ವಲ್ಪ ಹೊತ್ತು ಬಡಿದಾಡಿದವು. ಒಂದು ಮಳೆ ಬಂದು, ಮನೆಗೆ ಬಂದ ಅವಸರದ ನೆಂಟರ ಹಾಗೆ ಕೂರದೆಯೇ ಹೊರಟುಹೋಯಿತು. ಆಮೇಲೆ ಏನೂ ಇಲ್ಲ. ಊರು ಇನ್ನೂ ಬೆನ್ನು ಹಾಕಿಕೊಂಡೇ ಕೂತಿತ್ತು. ಒಬ್ಬಳು ಮುದುಕಿ, ವಯಸ್ಸಿನ ಸಲಿಗೆಯಿಂದ, "ಇಷ್ಟೆಯಾ?" ಎಂದಳು. ತಕ್ಷಣ ಚಾವಡಿಯಲ್ಲಿದ್ದವರಿಗೆಲ್ಲ ಒಟ್ಟಿಗೆ ಕೆಮ್ಮು ಬಂತು.

ಸಂಜೆಗೆ ಎಲ್ಲರೂ ಇಳಿದರು. ಕೆಳಕೇರಿ ಇದ್ದಂತೆಯೇ ಇತ್ತು. ಮಾಡುಗಳು ಮಳೆಯಲ್ಲಿ ತೊಳೆದುಕೊಂಡು ಇನ್ನಷ್ಟು ಚೆಂದವಾಗಿದ್ದವು. ಹಗ್ಗದವಳ ಅಂಗಳದಲ್ಲಿ ಒಂದು ಬಾಳೆಗಿಡ ಬಾಗಿತ್ತು. ಬಾಲ್ದಿ ಉರುಳಿ ಬಾವಿಕಟ್ಟೆಯ ಹತ್ತಿರ ಬಿದ್ದಿತ್ತು. ಕೊಟ್ಟಿಗೆಯ ಮೂಲೆಯ ಒಂದು ಗರಿ ಕಾಣಲಿಲ್ಲ. ಅಷ್ಟೇ. ಅವಳು ಅಂಗಳದ ನಡುವೆ ನಿಂತು ತನ್ನ ಸೂರನ್ನು ಮೇಲಿಂದ ಕೆಳಗೆ ನೋಡಿದಳು, ಮತ್ತೆ ನೋಡಿದಳು, ಆಮೇಲೆ ನಕ್ಕುಬಿಟ್ಟಳು. ಬಾಯಿ ತುಂಬ ನಕ್ಕಳು. ಬಾಲ್ದಿ ಎತ್ತಿಟ್ಟು ಮತ್ತೆ ನಕ್ಕಳು.

"ನಗಬೇಡ ಅಕ್ಕ," ದೋಣಿಯವ ತಗ್ಗಿದ ದನಿಯಲ್ಲಿ ಹೇಳಿದ. "ಯಾರಾದರೂ ಕೇಳಿಯಾರು."

"ಕೇಳಲಿ. ಮನೆ ಉಳಿದರೆ ನಗುವುದಲ್ಲದೆ ಮತ್ತೆ ಎಂತ ಮಾಡುವುದು?"

ಅವನು ನೆಲ ನೋಡಿದ. ಕೇರಿಯಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು. ಮನೆ ಉಳಿದವರ ಮುಖ ಅಷ್ಟು ಸೋತದ್ದನ್ನು ಬೇರೆ ಯಾವ ಊರಿನಲ್ಲೂ ನೋಡಲು ಸಿಗುವುದಿಲ್ಲ. ಆಗ ಅವಳಿಗೆ ನೆನಪಾಯಿತು, ಹಿಂದೆಯೂ ಹೀಗೆ ಆಗಿತ್ತು, ತಾನೂ ಆಗ ನೆಲ ನೋಡಿದ್ದಳು, ಮರುದಿನ ಗೋಣಿ ಹೊದ್ದು ಪಕ್ಕದ ಮನೆಯ ಹಗ್ಗ ಹಿಡಿದಿದ್ದಳು. ಆಗ ಮೈ ಉರಿದಿರಲಿಲ್ಲ. ಈಗ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಮಗಳನ್ನು ಕೋಣೆಯಲ್ಲಿ ಮಲಗಿಸಿ, ಕೆಂಡ ಹೊಸದು ಹಾಕಿ, ಅವಳು ನೆಟ್ಟಗೆ ಮರಳದಿಬ್ಬ ಹತ್ತಿದಳು.

ನುಡಿಗಾರ ಬೆಚ್ಚಗೆ ಕೂತು ಕಷಾಯ ಕುಡಿಯುತ್ತಿದ್ದ. ಕೆಟ್ಟವನಲ್ಲ. ಬಂದವರನ್ನು ಕೂರಿಸಿ ಮಾತಾಡಿಸುವವನು. ಅವಳಿಗೂ ಚಾಪೆ ತೋರಿಸಿದ. ಅವಳು ಕೂರಲಿಲ್ಲ.

"ನುಡಿಗಾರರೇ, ನೀವು ಹೇಳಿದ್ದು ಬರಲಿಲ್ಲ."

"ಬರಲಿಲ್ಲ ಅಂತ ಹೇಳಬೇಡ. ಪೂರ್ತಿ ಬರಲಿಲ್ಲ ಅಂತ ಹೇಳು. ಬಾಕಿ ಉಂಟು."

"ಗಾಳಿ ಬಂದು ಹೋಗಿ ಆಯ್ತು. ಯಾರದೂ ಮನೆ ಬೀಳಲಿಲ್ಲ, ಯಾರೂ ಸಾಯಲಿಲ್ಲ. ಇದು ಒಳ್ಳೆಯ ಸುದ್ದಿ ಅಲ್ಲವಾ? ಡೋಲು ಬಡಿದು ಇದನ್ನು ಹೇಳಲಿಕ್ಕೆ ಎಂತ ಕಷ್ಟ?"

ನುಡಿಗಾರ ಲೋಟ ಕೆಳಗಿಟ್ಟ. "ಕೇಳು. ನನ್ನ ಅಜ್ಜನ ಅಜ್ಜನ ಕಾಲದಲ್ಲಿ ದೊಡ್ಡದು ಬರುತ್ತದೆ ಅಂತ ಹೇಳಿದರು, ಸಣ್ಣದು ಬಂತು. ಊರು ನಕ್ಕಿತು, ಈಗ ನೀನು ನಕ್ಕ ಹಾಗೆ. ಮುಂದಿನ ಸಲ ಹೇಳಿದಾಗ ಒಬ್ಬನೂ ಗುಡ್ಡ ಹತ್ತಲಿಲ್ಲ. ಆ ಸಲ ನಿಜವಾಗಿ ಬಂತು. ಬೆಳಿಗ್ಗೆ ನೋಡಿದರೆ ಕೇರಿ ಇದ್ದಲ್ಲಿ ಬರೀ ಮರಳು. ಅಳಿದುಳಿದವರು ಸೇರಿ ಮಾಡಿದ ಕಟ್ಟಳೆ ಇದು, ನಾನು ಮಾಡಿದ್ದಲ್ಲ. ಹೇಳಿದ್ದು ಆಗದಿದ್ದರೆ ನಾಳೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಸಾಯುತ್ತಾರೆ. ನಿನ್ನ ಸೂರು ಹೆಚ್ಚಾ, ಊರಿನ ಜೀವ ಹೆಚ್ಚಾ?"

ಅವನ ಮಾತು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಹಾಗಾದರೆ ಬರುವಷ್ಟನ್ನೇ ಹೇಳಬಹುದಿತ್ತು. ಒಂದು ಸೂರೂ ಉಳಿಯುವುದಿಲ್ಲ ಅಂತ ಕಡಲು ಹೇಳಿತಾ ನಿಮಗೆ?"

ನುಡಿಗಾರ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕಡಲು ಗುಂಯ್ ಅನ್ನುತ್ತದೆ. ಅದರಲ್ಲಿ ಎಷ್ಟು ಅಂತ ಹೇಗೆ ತಿಳಿಯುವುದು? ನಾನು ಕಡಿಮೆ ಹೇಳಿ ಹೆಚ್ಚು ಬಂದರೆ ನನ್ನನ್ನು ಎತ್ತಿ ಕಡಲಿಗೆ ಹಾಕುತ್ತೀರಿ. ಹೆಚ್ಚು ಹೇಳಿ ಕಡಿಮೆ ಬಂದರೆ..."

"ನಮ್ಮ ಮನೆ ಬೀಳುತ್ತದೆ."

"ಮನೆ ಪುನಃ ಕಟ್ಟಬಹುದು ಮಾರಾಯ್ತಿ."

"ನಿಮ್ಮ ಹೆದರಿಕೆಗೆ ನಮ್ಮ ಸೂರು. ಅಷ್ಟೇ ಅಲ್ಲವಾ ಇದರ ಒಳಗುಟ್ಟು?" ಅವಳ ದನಿ ನಡುಗಿತು. ಅಳು ಎಂದು ಅವನು ತಿಳಿದ. ಅಳುವಾಗಿರಲಿಲ್ಲ. "ಆಯ್ತು, ಎಲ್ಲ ಬೀಳಿಸಿ. ಒಂದು ಕೋಣೆಯ ಮಾಡು ಬಿಡಿ. ಮಗಳು ಹಸಿ ಬಾಣಂತಿ. ಅವಳು ಎದ್ದು ಓಡಾಡುವ ಹಾಗೆ ಆಗಲಿ, ಆಮೇಲೆ ನೀವೇ ಬಂದು ಕೀಳಿಸಿ."

"ಒಂದೂ ಉಳಿಯುವುದಿಲ್ಲ ಅಂತ ಹೇಳಿ ಆಗಿದೆ."

"ಕೂಸು ಉಂಟು ನುಡಿಗಾರರೇ."

"ಹೇಳಿ ಆಗಿದೆ," ಎಂದ ನುಡಿಗಾರ, ಮತ್ತು ಗೋಡೆಯ ತೂತಿಗೆ ಕಿವಿಯಿಟ್ಟುಕೊಂಡ. ಅವನ ಇನ್ನೊಂದು ಕಿವಿ ಅವಳ ಕಡೆಗೇ ಇತ್ತು. ಅದರಿಂದ ಏನೂ ಉಪಯೋಗವಾಗಲಿಲ್ಲ.

ಬೆಳಿಗ್ಗೆ ಬಾಕಿ ಗಾಳಿ ಎದ್ದಿತು.

ಬಾನು ಶುಭ್ರವಾಗಿತ್ತು. ಕಡಲು ಎಣ್ಣೆ ಹಾಕಿ ತಿಕ್ಕಿದ ಹಾಗೆ ನುಣ್ಣಗಿತ್ತು. ಅಂಥ ಬೆಳಗಿನಲ್ಲಿ ಗೋಣಿ ಹೊದ್ದವರು ಕೇರಿಯ ಮೇಲುತುದಿಯಿಂದ ಶುರು ಮಾಡಿದರು. ನಿನ್ನೆ ಕಟ್ಟಿದ ಗಂಟನ್ನು ಬಿಚ್ಚಿದರು. ಅದೇ ಹಗ್ಗವನ್ನು ತೊಲೆಗೆ ಸುತ್ತಿದರು. ಡೋಲು ಬಡಿಯಿತು. ಕೈಯಲ್ಲ, ಗಾಳಿ. ಹಗ್ಗ ಬಿಗಿಯಿತು. ಕೈಯಲ್ಲ, ಗಾಳಿ. ತೊಲೆ ಕಿರುಗುಟ್ಟಿತು, ಗರಿ ಹೊತ್ತ ಪಕಾಸಿಗಳು ಕಳಚಿದವು, ಮಾಡು ಮಂಡಿಯೂರಿ ಕೂತಿತು. ಮನೆ ಕಳೆದುಕೊಂಡವರು ಅಲ್ಲಿಯೇ ಒಂದು ಗೋಣಿ ಎತ್ತಿ ಹೊದ್ದು, ಮುಂದಿನ ಮನೆಗೆ ನಡೆದರು. ಹೀಗೆ ಗುಂಪು ದೊಡ್ಡದಾಗುತ್ತ, ಗಾಳಿ ಬಲವಾಗುತ್ತ ಕೆಳಗೆ ಬಂತು. ದೋಣಿಯವನ ಮನೆಯೂ ಬಿತ್ತು. ಅವನು ಅಂಗಳದ ಮೂಲೆಯಲ್ಲಿ ನಿಂತು ನೋಡಿ, ಮೂಗು ಒರೆಸಿಕೊಂಡು, ಗೋಣಿ ಹೊದ್ದ.

ಹಗ್ಗದವಳು ಈ ಸಲ ಯಾರ ಹಗ್ಗವನ್ನೂ ಹಿಡಿಯಲು ಹೋಗಲಿಲ್ಲ. ತನ್ನ ಹೊಸ್ತಿಲ ಮೇಲೆ ನಿಂತಿದ್ದಳು.

"ಒಳಗೆ ಬಾಣಂತಿ ಇದ್ದಾಳೆ," ಎಂದಳು.

ಗೋಣಿಗಳು ನಿಂತವು. ಗೋಣಿಗೆ ಮುಖವಿಲ್ಲದ್ದರಿಂದ ಯಾರು ಹಿಂಜರಿದರು, ಯಾರು ಹಿಂಜರಿಯಲಿಲ್ಲ ಎಂದು ಗೊತ್ತಾಗಲಿಲ್ಲ. ಆಮೇಲೆ ಡೋಲು ಬಡಿಯಿತು. ಯಾರೋ ಒಳಗೆ ಹೋಗಿ ಮಂಚವನ್ನು ಮೆಲ್ಲಗೆ, ತುಂಬ ಮೆಲ್ಲಗೆ, ಹೊರಗೆ ತಂದಿಟ್ಟರು. ಕಾಲು ನೋಡಿಕೊಂಡು ಇಟ್ಟರು. ಮಂಚ ಅಲುಗಲಿಲ್ಲ. ಆ ನಡಿಗೆ ಯಾರದೆಂದು ಅವಳಿಗೆ ಗೊತ್ತಾಯಿತು. ಇಷ್ಟು ಮೆತ್ತಗೆ ಮಂಚ ಎತ್ತುವವನು, ಇಷ್ಟೇ ಮೆತ್ತಗೆ ಒಂದು ಮಾತು 'ಬೇಡ' ಎನ್ನಬಾರದಾಗಿತ್ತೇ?

ತೊಲೆಗೆ ಹಗ್ಗ ಸುತ್ತಿದರು. ಅವಳು ಹೊಸ್ತಿಲು ಬಿಡಲಿಲ್ಲ. ಅವಳನ್ನೂ ಎತ್ತಿ ಪಕ್ಕಕ್ಕಿಟ್ಟರು. ಕೈಯಲ್ಲ, ಗಾಳಿ. ಕೈಯಲ್ಲ, ಗಾಳಿ. ಅವಳು ಹೊಸೆದ ಹಗ್ಗ ಗಟ್ಟಿಯಿತ್ತು, ಹರಿಯಲಿಲ್ಲ. ಬಡಗು ಬದಿ ಮೊದಲು ಬಿತ್ತು. ಆಮೇಲೆ ತೆಂಕು ಬದಿ, ಬಾಣಂತಿ ಕೋಣೆಯ ಬದಿ, ನಾರು ತುರುಕಿದ ಸಂದುಗೊಂದುಗಳ ಸಮೇತ ಬಿತ್ತು. ಕಡಲ ಕಡೆಯಿಂದ ಎಳೆಗಾಳಿಯೊಂದು ತನ್ನಷ್ಟಕ್ಕೆ ಬಂದು ಮಗಳ ತಲೆಬಟ್ಟೆಯ ಅಂಚನ್ನು ಅಲುಗಿಸಿತು.

ಮಧ್ಯಾಹ್ನಕ್ಕೆ ಎಲ್ಲರೂ ಮಿಂದು, ಒಣಗಿದ ಬಟ್ಟೆ ಉಟ್ಟು, ಮುಖ ತೊಟ್ಟು ಬಂದರು. ಅದೂ ಕಟ್ಟಳೆಯೇ. ಕೆಡವಿದವರೇ ಗಂಜಿಯ ಪಾತ್ರೆ ಹಿಡಿದು ಸಂತೈಸಲು ಬರಬೇಕು. ಪ್ರತಿ ಅಂಗಳದಲ್ಲೂ ನಿಂತು, "ಅಯ್ಯೋ, ಗಾಳಿ ಎಂಥ ಕೆಲಸ ಮಾಡಿತು," ಎನ್ನಬೇಕು. ಮನೆಯವರು ಗಂಜಿ ತೆಗೆದುಕೊಂಡು, "ಗಾಳಿ ಬಂತು, ಗಾಳಿ ಕೊಂಡುಹೋಯಿತು, ನನಗೆ ಯಾರ ಮೇಲೂ ಸಿಟ್ಟಿಲ್ಲ," ಎನ್ನಬೇಕು. ಕೊನೆಯ ಮನೆಯೂ ಹಾಗೆಂದ ಮೇಲೆ ಗಾಳಿ ಮುಗಿಯಿತು ಎಂದು ಡೋಲು ಬಡಿಯುತ್ತಾರೆ. ಆಮೇಲೆ ಊರೆಲ್ಲ ಸೇರಿ, ಹೊತ್ತು ಮುಳುಗುವುದರೊಳಗೆ, ಬಿದ್ದ ಮಾಡುಗಳನ್ನು ಒಂದೊಂದಾಗಿ ಎತ್ತಿ ಕಟ್ಟುತ್ತಾರೆ. ಗಾಳಿ ಮುಗಿಯುವವರೆಗೆ ಒಂದು ಪಕಾಸಿಯನ್ನೂ ಮುಟ್ಟುವಂತಿಲ್ಲ, ಒಂದು ದೋಣಿಯೂ ನೀರಿಗಿಳಿಯುವಂತಿಲ್ಲ, ಗುಡ್ಡದ ಚಾವಡಿಗೆ ಹೋಗಿ ಮಲಗುವಂತೆಯೂ ಇಲ್ಲ.

ಮೇಲಿನ ಮನೆಗಳವರೆಲ್ಲ ಹೇಳಿದರು. ದೋಣಿಯವನೂ ಹೇಳಿದ. ಗುಂಪು ಕಟ್ಟಕಡೆಯ ಅಂಗಳಕ್ಕೆ ಬಂತು. ನುಡಿಗಾರನೇ ಮುಂದೆ ಬಂದು ಗಂಜಿಯ ಪಾತ್ರೆ ಚಾಚಿದ.

"ಅಯ್ಯೋ, ಗಾಳಿ ಎಂಥ ಕೆಲಸ ಮಾಡಿತು."

ಹಗ್ಗದವಳು ಪಾತ್ರೆ ಮುಟ್ಟಲಿಲ್ಲ. "ನನಗೆ ಸಿಟ್ಟುಂಟು," ಎಂದಳು.

ಜನ ತಪ್ಪು ಕೇಳಿದೆವೇನೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಈ ಮಾತು ಆ ಊರಿನಲ್ಲಿ ಯಾರೂ ಆಡಿರಲಿಲ್ಲ. ಇದನ್ನು ಆಡಿದರೆ ಮುಂದೇನು ಎಂದು ಕಟ್ಟಳೆಯಲ್ಲೂ ಇರಲಿಲ್ಲ. ನುಡಿಗಾರ ಪಾತ್ರೆಯನ್ನು ನೆಲದ ಮೇಲಿಟ್ಟು, "ಮೈಮನಸ್ಸು ಸರಿಯಿಲ್ಲ ಪಾಪ, ಸಂಜೆಗೆ ಹೇಳುತ್ತಾಳೆ," ಎಂದು ಹೊರಟುಹೋದ.

ಸಂಜೆಗೆ ಅವಳು ಹೇಳಲಿಲ್ಲ. ಮರುದಿನ ಬೆಳಿಗ್ಗೆಯೂ ಹೇಳಲಿಲ್ಲ. ಬಾನಿನಲ್ಲಿ ಒಂದು ಮೋಡವಿರಲಿಲ್ಲ, ಆದರೂ ಊರಿನ ಲೆಕ್ಕಕ್ಕೆ ಗಾಳಿ ಬೀಸುತ್ತಲೇ ಇತ್ತು. ದಡದಲ್ಲಿ ದೋಣಿಗಳು ಬಿಸಿಲಿಗೆ ಒಣಗುತ್ತ ಬಿದ್ದಿದ್ದವು. ಕಣ್ಣೆದುರಿಗೇ ಮೀನಿನ ಹಿಂಡುಗಳು ಬಂದು ಹೋದವು. ಕೆಳಕೇರಿಯವರು ಬಿದ್ದ ಮಾಡುಗಳ ಪಕ್ಕದಲ್ಲಿ ಚಾಪೆ ಹಾಸಿ ಕೂತರು. ಹೆಂಗಸರು ಗುಂಪಾಗಿ ಬಂದು ಅವಳ ಅಂಗಳದಲ್ಲಿ ನಿಂತರು.

"ನಿನ್ನದು ಮಾತ್ರ ಮನೆಯಾ? ನಮ್ಮದೆಲ್ಲ ಗುಬ್ಬಿಗೂಡಾ?" ಎಂದಳು ಒಬ್ಬಳು. "ನಾವು ಹೇಳಲಿಲ್ಲವಾ? ನಮ್ಮ ಬಾಯಿ ಸವೆಯಿತಾ?"

"ನೀವು ಯಾಕೆ ಹೇಳಿದಿರಿ?" ಎಂದು ಹಗ್ಗದವಳು ಕೇಳಿದಳು.

"ಹೇಳಬೇಕಲ್ಲ."

"ನಿಮಗೆ ಸಿಟ್ಟು ಬರಲಿಲ್ಲವಾ?"

ಆ ಹೆಂಗಸಿನ ಮುಖ ಕೆಂಪಗಾಯಿತು. "ನಿನ್ನ ಮೇಲೆ ಬರುತ್ತಾ ಉಂಟು," ಎಂದು ಸೆರಗು ಕೊಡವಿ ನಡೆದಳು. ಅವಳ ಹಿಂದೆ ಎಲ್ಲರೂ ನಡೆದರು. ಕೆಡವಿದವರ ಮೇಲೆ ಇಲ್ಲದ ಸಿಟ್ಟು ಕೆಡವಿದರೆಂದು ಹೇಳಿದವಳ ಮೇಲೆ ಎಷ್ಟು ಬೇಗ ಬರುತ್ತದೆ ಎಂದು ಹಗ್ಗದವಳು ಅವರ ಬೆನ್ನು ನೋಡುತ್ತ ನಿಂತಳು.

ಅಷ್ಟರಲ್ಲಿ ಮಗಳಿಗೆ ಚಳಿ ಹಿಡಿದಿತ್ತು. ಹಾಯಿಬಟ್ಟೆಯ ಮರೆಯಲ್ಲಿ ಮಂಚ, ಮಂಚದ ಕೆಳಗೆ ಕೆಂಡ. ಹಾಯಿಬಟ್ಟೆ ಎಷ್ಟೆಂದರೂ ಗೋಡೆಯಲ್ಲ. ಮಗಳ ಹಲ್ಲು ಕಟಕಟ ಎನ್ನುತ್ತಿತ್ತು, ಮೈ ಮಾತ್ರ ಕಾದ ಹಂಚಿನಂತೆ ಸುಡುತ್ತಿತ್ತು. ಕೂಸು ಹಾಲಿಗಾಗಿ ಎಳೆದು ಎಳೆದು ಅತ್ತಿತು.

"ಅಮ್ಮ," ಎಂದಳು ಮಗಳು, "ಹೇಳಿಬಿಡು. ಮೂರು ಮಾತು. ಹೇಳಿದರೆ ಸಂಜೆಯೊಳಗೆ ಮಾಡು ಹಾಕುತ್ತಾರೆ."

"ಸುಳ್ಳು ಮಗಾ ಅದು."

"ಸುಳ್ಳಾದರೆ ಆಗಲಿ. ನನಗೆ ಚಳಿ ಆಗುತ್ತದೆ ಅಮ್ಮ."

ಹಗ್ಗದವಳು ಮಗಳ ಪಾದಗಳನ್ನು ಎರಡೂ ಅಂಗೈಯಲ್ಲಿ ಹಿಡಿದು ಉಜ್ಜಿದಳು. ನಾರು ಹೊಸೆದು ಒರಟಾದ ಅಂಗೈ. ಪಾದ ಮಂಜುಗಡ್ಡೆಯಂತಿತ್ತು. ನನ್ನ ಸಿಟ್ಟಿಗೆ ಮಗಳನ್ನು ಬಲಿ ಕೊಡುತ್ತಿದ್ದೇನೆಯೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಹೇಳಿದರೆ ಮಗಳು ಇಂದು ಉಳಿಯುತ್ತಾಳೆ, ಇನ್ನೊಂದು ಗಾಳಿಗೆ ಇನ್ನೊಬ್ಬಳು ಬಾಣಂತಿ ಸಾಯುತ್ತಾಳೆ. ಹೇಳದಿದ್ದರೆ ಇವಳೇ. ಊರು ಎಷ್ಟು ಜಾಣತನದಿಂದ ಗಂಟು ಹಾಕಿದೆ, ಹಗ್ಗದವಳ ಕೈಯ ಗಂಟಿಗಿಂತ ಬಿಗಿ. ಅವಳು ಎದ್ದಳು. ಡೋಲಿನವನನ್ನು ಕರೆದು, "ಹೇಳುತ್ತೇನೆ, ಎಲ್ಲರನ್ನೂ ಸೇರಿಸು," ಎಂದಳು.

ಊರೆಲ್ಲ ಓಡಿಬಂತು. ನುಡಿಗಾರ ಹೊಸ ಗಂಜಿ ತಂದಿದ್ದ. ಹಗ್ಗದವಳು ಪಾತ್ರೆಯನ್ನು ಕೈಗೆ ತೆಗೆದುಕೊಂಡಳು. ಜನರ ಎದೆಯಿಂದ ಭಾರ ಇಳಿದ ಸದ್ದು ಕೇಳಿಸಿತು.

"ಗಾಳಿ ಬಂತು," ಎಂದಳು.

"ಬಂತು, ಬಂತು," ಎಂದಿತು ಊರು.

"ಗಾಳಿ..." ಕೊಂಡುಹೋಯಿತು ಎನ್ನಬೇಕು. ಹೇಳಲೇಬೇಕೆಂದು ಬಾಯಿ ತೆರೆದಳು. ಹಾಯಿಬಟ್ಟೆಯ ಹಿಂದೆ ಮಗಳ ಹಲ್ಲು ಕಡಿಯುವ ಸದ್ದು ಕೇಳಿತು. ಆ ಸದ್ದು ಕೇಳಿದ ಮೇಲೆ ಅವಳ ಬಾಯಿಂದ ಆ ಮಾತು ಹೊರಡಲಿಲ್ಲ, ಬೇರೆಯೇ ಹೊರಟಿತು. "ಗಾಳಿ ಬಂದು ನನ್ನ ಬಾಳೆಗಿಡ ಬಾಗಿಸಿತು. ಗಾಳಿ ಬಂದು ನನ್ನ ಬಾಲ್ದಿ ಉರುಳಿಸಿತು. ಗಾಳಿ ಬಂದು ಕೊಟ್ಟಿಗೆಯ ಒಂದು ಗರಿ ಕೊಂಡುಹೋಯಿತು. ಅಷ್ಟು ಗಾಳಿ. ಅದರ ಮೇಲೆ ನನಗೆ ಸಿಟ್ಟಿಲ್ಲ."

ಡೋಲಿನವನ ಕೈ ಡೋಲಿನ ಮೇಲೆ ನಿಂತಿತು.

"ನನ್ನ ಮಾಡು ಕಿತ್ತದ್ದು ಕೈ. ನನ್ನ ಮಗಳನ್ನು ಬಯಲಿಗೆ ಹಾಕಿದ್ದು ಕೈ. ಅದರ ಮೇಲೆ ನನಗೆ ಸಿಟ್ಟುಂಟು. ಹೊತ್ತು ಮುಳುಗುವುದರೊಳಗೆ ಮಾಡು ಬೀಳದಿದ್ದರೆ ಇವಳು ಸಾಯುತ್ತಾಳೆ. ಸತ್ತರೆ ಬನ್ನಿ ಗಂಜಿ ಹಿಡಿದುಕೊಂಡು. ಆಗಲೂ ನಾನು ಗಾಳಿ ಕೊಂದಿತು ಅನ್ನುವುದಿಲ್ಲ. ನಿಮ್ಮನ್ನು ಒಬ್ಬೊಬ್ಬರನ್ನೇ ಕರೆದು ಹೇಳುತ್ತೇನೆ."

ಬೀಳದಿದ್ದರೆ ಎಂದಳು, ಹಾಕದಿದ್ದರೆ ಎನ್ನಬೇಕಿತ್ತು. ಸಿಟ್ಟಿನಲ್ಲಿ ಮಾತು ತಪ್ಪಿತು. ಯಾರೂ ತಿದ್ದಲಿಲ್ಲ. ಯಾರಿಗೂ ಅರ್ಥವಾಗದೆಯೂ ಇರಲಿಲ್ಲ.

ನುಡಿಗಾರ ಎರಡು ಹೆಜ್ಜೆ ಮುಂದೆ ಬಂದ. "ಹಾಗೆ ಹೇಳಿದರೆ ಗಾಳಿ ಮುಗಿಯುವುದಿಲ್ಲ. ಮುಗಿಯದೆ ಯಾರೂ ಮಾಡು ಮುಟ್ಟುವಂತಿಲ್ಲ. ಮುಟ್ಟಿದರೆ ಇನ್ನು ಮುಂದೆ ಈ ಊರಿನಲ್ಲಿ ಯಾವ ಮಾತಿಗೂ ಬೆಲೆ ಇರುವುದಿಲ್ಲ. ನೆನಪಿರಲಿ."

ಕಡಲು ನುಣ್ಣಗೆ ಬಿದ್ದುಕೊಂಡಿತ್ತು. ಎಲ್ಲರೂ ನೆಲ ನೋಡಿದರು. ನೆಲದಲ್ಲಿ ಮುರಿದ ಪಕಾಸಿಗಳಿದ್ದವು, ಹಗ್ಗವಿತ್ತು, ಅವರವರ ಹೆಜ್ಜೆ ಗುರುತುಗಳಿದ್ದವು. ದೋಣಿಯವ ಮಾತ್ರ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ನಾರು ಉಜ್ಜಿ ಎದ್ದ ಕೆಂಪು ಗೆರೆ ಅಲ್ಲಿ ಇನ್ನೂ ಮಾಸಿರಲಿಲ್ಲ. ಅವನು ಬಹಳ ಹೊತ್ತು ನೋಡಿಕೊಂಡ. ಆಮೇಲೆ ಗುಂಪಿನಿಂದ ಹೊರಗೆ ಬಂದು ಅವಳ ಮುಂದೆ ನಿಂತ.

"ಅಕ್ಕ. ಗಾಳಿ ಅಲ್ಲ. ನಾನು."

"ಯಾವ ಬದಿ ಎಳೆದದ್ದು?"

"ತೆಂಕು ಬದಿ."

"ಒಳಗೆ ಯಾರಿದ್ದಾರೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ದೋಣಿಯವ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಅದನ್ನು ಒರೆಸಲಿಲ್ಲ, ಅಳಬೇಡ ಎನ್ನಲೂ ಇಲ್ಲ. ಗಂಜಿಯ ಪಾತ್ರೆಯನ್ನು ನುಡಿಗಾರನ ಕೈಗೆ ವಾಪಸು ಕೊಟ್ಟು, ಬಿದ್ದ ತೊಲೆಯ ಕಡೆ ಬೆರಳು ತೋರಿಸಿದಳು.

"ಹಾಗಾದರೆ ತೆಂಕು ಬದಿಯಿಂದ ಶುರು ಮಾಡು."

ಅವನು ಬಗ್ಗಿ ತೊಲೆಯ ಒಂದು ತುದಿ ಎತ್ತಿದ. ಒಬ್ಬನಿಂದ ಏಳುವ ತೊಲೆಯಲ್ಲ ಅದು. ಹಿಂದಿನಿಂದ ಯಾರೋ, "ಬಡಗು ಬದಿಯಲ್ಲಿ ನಾನಿದ್ದೆ," ಎಂದರು, ಮತ್ತು ಇನ್ನೊಂದು ತುದಿ ನೆಲ ಬಿಟ್ಟಿತು. ಹೆಗಲ ಮೇಲೆ ಭಾರ ಹೊತ್ತುಕೊಂಡೇ ದೋಣಿಯವ ಅವಳ ಕಡೆ ತಿರುಗಿದ.

"ಸಿಟ್ಟು ಹೋಯಿತಾ ಅಕ್ಕ?"

"ಇಲ್ಲ," ಎಂದಳು ಹಗ್ಗದವಳು. "ನೀನು ಕಟ್ಟು."